ಡಿಸ್ಕಿನ ಅಡಿಯಲ್ಲಿ ಉಳಿದ ಭಾನುವಾರಗಳು

"ನೂರಕ್ಕೆ ನೂರು ತುಂಬಿದೆ," ಅಂದ ಕಿರಿಯವನು. "ಒಂದಕ್ಷರ ಬರೆಯೋಕೂ ಜಾಗ ಇಲ್ಲ ಮೇಡಂ."

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ನಾವು ಕೂತಿದ್ದೆವು. ಕೂತಿದ್ದೆವು ಅನ್ನುವುದಕ್ಕಿಂತ ತುರುಕಿಕೊಂಡಿದ್ದೆವು ಅನ್ನಬೇಕು. ಒಂದು ಕಡೆ ಚಪ್ಪಲಿ ಸ್ಟ್ಯಾಂಡು, ಇನ್ನೊಂದು ಕಡೆ ಕಾಲು ಮುರಿದ ಇಸ್ತ್ರಿ ಮೇಜು, ನಡುವೆ ನೆಲದ ಮೇಲೆ ಮನೆಯ ಸರ್ವರ್ ಕಂಪ್ಯೂಟರು, ಒಂದು ಕಪ್ಪು ಪೆಟ್ಟಿಗೆ. ಈ ಮನೆಯ ಫೋಟೋ, ಹಾಡು, ಹಳೇ ವಿಡಿಯೋ, ಅಪ್ಪನ ಕೋಣೆಯ ಕ್ಯಾಮೆರಾ ನೋಡಿದ್ದು, ಎಲ್ಲ ಅದರ ಹೊಟ್ಟೆಯಲ್ಲೇ ಇತ್ತು.

ಪೆಟ್ಟಿಗೆ ಕಟ್ಟಿದವನು ಕಿರಿಯ ಮಗ, ಗಣಿತದ ಮೇಷ್ಟ್ರು. ಬಾಗಿಲಿಗೆ ಒರಗಿ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದವನು ದೊಡ್ಡ ಮಗ, ಔಷಧಿ ಅಂಗಡಿಯವನು. ಇವರಪ್ಪ ಹೋದ ಭಾನುವಾರ ಮಧ್ಯಾಹ್ನ ಸತ್ತಿದ್ದರು. ಮೈಯಲ್ಲಿ ಮಿತಿಮೀರಿದ ಇನ್ಸುಲಿನ್ ಸಿಕ್ಕಿತ್ತು. ಮನೆಗೆ ಬಂದು ನೋಡಿಕೊಳ್ಳುತ್ತಿದ್ದ ನರ್ಸ್ ಹುಡುಗಿಯನ್ನು ಪೊಲೀಸರು ಒಳಗೆ ಹಾಕಿದ್ದರು. ಅವಳನ್ನು ಬಿಡಿಸಿಕೊಡಿ ಅಂತ ನನ್ನನ್ನು ಕರೆಸಿದವರು ಸತ್ತವರ ಹೆಂಡತಿ, ಈ ಇಬ್ಬರ ಹೆತ್ತ ತಾಯಿ.

"ನಾನು ಮೊದಲೇ ಹೇಳಿದ್ದೆ," ಅಂದ ದೊಡ್ಡವನು. "ಡ್ರೈವ್ ತುಂಬಿತು, ಮಷೀನು ನಿಂತಿತು, ಅವತ್ತಿನ ರೆಕಾರ್ಡಿಂಗ್ ಇಲ್ಲ. ಪೊಲೀಸರೂ ಅದನ್ನೇ ಬರ್ಕೊಂಡು ಹೋದ್ರು. ಮತ್ತೆ ಯಾಕೆ ಕೆದಕ್ತೀರಿ?"

"ತುಂಬಿತು ಸರಿ. ಯಾತರಿಂದ ತುಂಬಿತು?"

"ಅದು ನನಗೇನು ಗೊತ್ತು? ಮಷೀನಲ್ವಾ, ತುಂಬುತ್ತೆ."

"ಚೀಲ ತಾನಾಗಿ ತುಂಬಲ್ಲ ಸಾರ್. ಯಾರಾದ್ರೂ ಏನಾದ್ರೂ ಹಾಕಬೇಕು."

ನನಗೆ ಈ ಮನುಷ್ಯ ಬಂದ ಗಳಿಗೆಯಿಂದ ಹಿಡಿಸಿರಲಿಲ್ಲ. ಅಪ್ಪ ಸತ್ತು ವಾರ ಆಗಿಲ್ಲ, ಅಷ್ಟರಲ್ಲಿ ಅಪ್ಪನ ಮಂಚ ಯಾರಿಗೆ ಕೊಡುವುದು ಅಂತ ಫೋನಿನಲ್ಲಿ ವಿಚಾರಿಸುತ್ತಿದ್ದ. ಆದರೆ ಹಿಡಿಸದ ಮಾತ್ರಕ್ಕೆ ಕೊಲೆಗಾರ ಆಗಿಬಿಟ್ಟರೆ ಊರಲ್ಲಿ ಅರ್ಧ ಜನ ಜೈಲಿನಲ್ಲಿರಬೇಕಾಗುತ್ತದೆ. ಖಾಸಗಿ ಕೆಲಸಕ್ಕೆ ಇಳಿಯುವ ಮೊದಲು ಪೊಲೀಸ್ ಇಲಾಖೆಯ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಅಷ್ಟು ವರ್ಷ ಕೂತು ನಾನು ಕಲಿತದ್ದು ಒಂದೇ. ಮನುಷ್ಯರ ಮುಖ ನೋಡುವ ಮೊದಲು ಯಂತ್ರದ ಮುಖ ನೋಡಬೇಕು.

ಪೆಟ್ಟಿಗೆಯೊಳಗೆ ಎರಡು ತರದ ಡ್ರೈವ್ ಇದ್ದವು. ಯಂತ್ರ ಎದ್ದು ನಿಲ್ಲಲು ಬೇಕಾದ್ದೆಲ್ಲ ಒಂದು ಚಿಕ್ಕ ಡ್ರೈವಿನಲ್ಲಿ. ಸಾಮಾನು ಸರಂಜಾಮು ತುಂಬಿಡಲು ದೊಡ್ಡ ಡಿಸ್ಕುಗಳು ಬೇರೆ. ತುಂಬಿದ್ದು ಆ ಚಿಕ್ಕದು. ದೊಡ್ಡವುಗಳಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು. ಅಂಗಳ ಖಾಲಿ ಇದ್ದು ಹೊಸ್ತಿಲಲ್ಲಿ ಕಾಲಿಡಲು ಜಾಗವಿಲ್ಲ ಅನ್ನುವ ಸ್ಥಿತಿ.

"ಮೊದಲು ಲಾಗ್ ನೋಡು," ಅಂದೆ ಕಿರಿಯವನಿಗೆ.

ಯಂತ್ರ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುವ ಫೈಲುಗಳು ಅವು. ಏನಾದರೂ ಕೆಟ್ಟಾಗ ಒಂದೇ ಗೋಳನ್ನು ಲಕ್ಷ ಸಲ ಬರೆದು ಡ್ರೈವ್ ತುಂಬಿಸಿಬಿಡುತ್ತವೆ. ಇಂಥ ಪ್ರಕರಣದಲ್ಲಿ ಮೊದಲ ಅನುಮಾನ ಅವುಗಳ ಮೇಲೇ. ಆದರೆ ಲಾಗ್ ಫೈಲುಗಳು ಒಣಗಿದ ಎಲೆಯಷ್ಟು ಹಗುರ ಇದ್ದವು.

"ಹಳೇ ಅಪ್‌ಡೇಟ್?"

"ಹೋದ ತಿಂಗಳೇ ಗುಡಿಸಿದ್ದೆ."

"ಕಸದ ಬುಟ್ಟಿ?"

"ಖಾಲಿ."

"ಅಳಿಸಿದ ಮೇಲೂ ಯಾವುದಾದ್ರೂ ಪ್ರೋಗ್ರಾಂ ಹಿಡ್ಕೊಂಡು ಕೂತಿರೋ ಫೈಲು?"

"ಆಗಲೇ ರೀಸ್ಟಾರ್ಟ್ ಮಾಡಿದ್ನಲ್ಲ ಮೇಡಂ. ಹಿಡ್ಕೊಂಡಿದ್ರೂ ಬಿಟ್ಟಿರೋದು."

ಎಲ್ಲ ಶಂಕಿತರೂ ನಿರಪರಾಧಿಗಳು. ನಾನು ಕೊನೆಗೆ, ಕಾಣುವ ಫೈಲುಗಳನ್ನೆಲ್ಲ ಒಟ್ಟು ಕೂಡಿಸು ಅಂದೆ. ಅವನು ಕೂಡಿಸಿದ. ಮತ್ತೆ ಕೂಡಿಸಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮೂರನೇ ಸಲ ಕೂಡಿಸಿದ.

"ಲೆಕ್ಕ ಕೂಡ್ತಿಲ್ಲ," ಅಂದ. ಗಣಿತದ ಮೇಷ್ಟ್ರ ಬಾಯಲ್ಲಿ ಆ ಮಾತು ಕೇಳಲು ಕಷ್ಟವಾಗುತ್ತದೆ. "ಇರೋ ಫೈಲೆಲ್ಲ ಸೇರಿಸಿದ್ರೂ ಕಾಲುಭಾಗ ಆಗಲ್ಲ. ಡ್ರೈವ್ ನೋಡಿದ್ರೆ ತುಂಬಿದೀನಿ ಅನ್ನುತ್ತೆ. ಮುಕ್ಕಾಲು ಭಾಗ ಎಲ್ಲಿ?"

"ಅದನ್ನೇ ಹುಡುಕೋಣ."

"ಯಾಕೆ ಮೇಡಂ ಅಷ್ಟು ಕಷ್ಟ? ಪೂರ್ತಿ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡ್ತೀನಿ. ದೊಡ್ಡ ಡಿಸ್ಕಿಗೆ ಏನೂ ಆಗಲ್ಲ."

"ನೆಗಡಿ ಬಂತೂಂತ ಮೂಗು ಕೊಯ್ಕೋತಾರೇನಪ್ಪ?"

ಅವನು ನಗಲಿಲ್ಲ. ಅಣ್ಣ ಮಾತ್ರ ಗಂಟಲು ಸರಿಮಾಡಿಕೊಂಡು, "ಅವನು ಹೇಳೋದೇ ಸರಿ. ಅಳಿಸಿಬಿಡಲಿ," ಅಂದ.

ಅಳಿಸಿಬಿಡಲಿ. ಎಷ್ಟು ಸಲೀಸು! ಹಿಂದಿನ ದಿನ ನಾನು ಠಾಣೆಗೆ ಹೋಗಿ ಆ ಹುಡುಗಿಯನ್ನು ನೋಡಿ ಬಂದಿದ್ದೆ. ಎಳೆಗೂಸಿನ ತಾಯಿ. ಕೂಸು ಹೊರಗೆ ಗಂಡನ ತೋಳಿನಲ್ಲಿ ಅರಚುತ್ತಿತ್ತು. ಇವಳು ಒಳಗೆ ಕಂಬಿಯ ಪಕ್ಕ ಗೋಡೆಗೆ ತಲೆ ಕೊಟ್ಟು ಕೂತಿದ್ದಳು. ವಕೀಲರು ಯಾರು, ಜಾಮೀನು ಯಾವಾಗ, ಏನೂ ಕೇಳಲಿಲ್ಲ. "ಅಜ್ಜ ಅವತ್ತು ಊಟ ಮಾಡಿದ್ರಾ ಮೇಡಂ?" ಅಂದಳು. "ಇಂಜೆಕ್ಷನ್ ಆದ ಮೇಲೆ ಊಟ ಮಾಡ್ಲೇಬೇಕು. ಹೇಳಿ ಬಂದಿದ್ದೆ. ಮಾಡಿದ್ರಾ?"

ಕೊಂದವಳು ಕೇಳುವ ಪ್ರಶ್ನೆಯಲ್ಲ ಅದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದಾರೆ ಅಂತ ನನಗೆ ಅಲ್ಲೇ ಖಾತ್ರಿಯಾಗಿತ್ತು. ಆದರೆ ನನ್ನ ಖಾತ್ರಿಯನ್ನು ನ್ಯಾಯಾಲಯ ಕವಡೆಯ ಬೆಲೆಗೂ ತೆಗೆದುಕೊಳ್ಳುವುದಿಲ್ಲ. ಇವತ್ತು ಸಂಜೆ ಪೊಲೀಸರು ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸುತ್ತಾರೆ. ಅದಕ್ಕೂ ಮೊದಲು ನನ್ನ ಕೈಯಲ್ಲಿ ಏನಾದರೂ ಇರಬೇಕು. ಇಲ್ಲದಿದ್ದರೆ ಆ ಕೂಸು ಮಾತು ಕಲಿಯುವ ಹೊತ್ತಿಗೂ ತಾಯಿ ಒಳಗೇ ಇರುತ್ತಾಳೆ.

"ಸಾರ್," ಅಂದೆ ದೊಡ್ಡವನಿಗೆ, "ನಲ್ಲಿ ಕೆಳಗೆ ಬಕೆಟ್ ಇಟ್ಟಿದೀರಿ. ನಲ್ಲಿ ಸುರೀತಾ ಇದೆ. ಯಾರೋ ಬಂದು ಬಕೆಟ್ ಎತ್ತಿಕೊಂಡು ಹೋದ್ರು. ಏನಾಗುತ್ತೆ?"

"ನೀರು ನೆಲಕ್ಕೆ ಹೋಗುತ್ತೆ."

"ಸ್ವಲ್ಪ ಹೊತ್ತಾದ ಮೇಲೆ ಬಕೆಟ್ ತಂದು ಅಲ್ಲೇ ಇಟ್ರು. ಆಮೇಲೆ ಬಂದವರಿಗೆ ಬಕೆಟ್ ಕಾಣುತ್ತೆ. ಅದರ ಅಡಿಯಲ್ಲಿ ನಿಂತ ನೀರು ಕಾಣುತ್ತಾ?"

ದೊಡ್ಡವನು ನನಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿದ. ಕಿರಿಯವನು ಕೀಬೋರ್ಡಿನಿಂದ ಕೈ ತೆಗೆದ. ಅವನಿಗೆ ಹೊಳೆದಿತ್ತು.

"ಕ್ಯಾಮೆರಾ ಬರೆಯೋದು ದೊಡ್ಡ ಡಿಸ್ಕಿನ ಫೋಲ್ಡರಿಗೆ," ಅಂದ ಮೆಲ್ಲಗೆ. "ಡಿಸ್ಕ್ ಎಳೆದುಬಿಟ್ರೂ ಫೋಲ್ಡರಿನ ಹೆಸರು ಚಿಕ್ಕ ಡ್ರೈವಲ್ಲಿ ಇದ್ದೇ ಇರುತ್ತೆ. ಪ್ರೋಗ್ರಾಮಿಗೆ ವ್ಯತ್ಯಾಸ ಗೊತ್ತಾಗಲ್ಲ. ಅಲ್ಲೇ ಸುರೀತಾ ಹೋಗುತ್ತೆ. ಡಿಸ್ಕ್ ವಾಪಸ್ ಹಾಕಿದ್ರೆ ಅದು ಮೇಲೆ ಮುಚ್ಕೊಂಡು ಕೂರುತ್ತೆ, ಅಡಿಯಲ್ಲಿರೋದು ಕಾಣಲ್ಲ. ಹುಡುಕಿದ್ರೂ ಕಾಣಲ್ಲ, ಕೂಡಿಸಿದ್ರೂ ಸಿಗಲ್ಲ."

"ಹಾಗಾದ್ರೆ ಬಕೆಟ್ ಎತ್ತು."

"ಒಂದ್ನಿಮಿಷ!" ದೊಡ್ಡವನು ಒಳಗೆ ಹೆಜ್ಜೆ ಇಟ್ಟ. "ಅದರಲ್ಲಿ ಅಪ್ಪನ ವಿಡಿಯೋ ಎಲ್ಲ ಇದೆ. ಸುಮ್ ಸುಮ್ನೆ ಎಳೆದಾಡಿ ಹಾಳು ಮಾಡಿದ್ರೆ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀರಲ್ಲ ಸಾರ್. ನಾನಿನ್ನೂ ಯಾರ ಹೆಸರೂ ಹೇಳಿಲ್ಲ."

ಅವನ ಮುಖ ಕೆಂಪಾಯಿತು. ಆದರೆ ಹಿಂದೆ ಸರಿದ.

ಪೆಟ್ಟಿಗೆಯ ಮುಂಭಾಗದಲ್ಲಿ ದೊಡ್ಡ ಡಿಸ್ಕುಗಳು ಡ್ರಾಯರುಗಳ ತರ ಸಾಲಾಗಿದ್ದವು. ಪ್ರತಿಯೊಂದಕ್ಕೂ ಬಿಳಿ ಪಟ್ಟಿ ಅಂಟಿಸಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಒಂದರ ಮೇಲೆ ‘ಫೋಟೋ’. ಇನ್ನೊಂದರ ಮೇಲೆ ‘ಅಪ್ಪನ ಕ್ಯಾಮೆರಾ’.

"ಈ ಪಟ್ಟಿ ಯಾರಿಗೋಸ್ಕರ?"

"ಅಮ್ಮನಿಗೆ. ಬೆಂಕಿ ಗಿಂಕಿ ಬಿದ್ರೆ ಇವೆರಡನ್ನ ಎಳ್ಕೊಂಡು ಓಡು ಅಂತ ಹೇಳಿಕೊಟ್ಟಿದ್ದೆ. ಹಿಡಿ ಒತ್ತಿ ಎಳೆದ್ರೆ ಬಂದುಬಿಡುತ್ತೆ. ಅಭ್ಯಾಸ ಕೂಡ ಮಾಡಿಸಿದ್ದೆ..."

ಮಾತು ಅಲ್ಲಿಗೇ ನಿಂತಿತು. ಅವನು ಅಣ್ಣನ ಮುಖ ನೋಡಿದ. ಅಣ್ಣ ನೆಲ ನೋಡಿದ.

ನಾನು ‘ಅಪ್ಪನ ಕ್ಯಾಮೆರಾ’ದ ಹಿಡಿ ಒತ್ತಿ ಎಳೆದೆ. ಕಿರಿಯವನು ಫೋಲ್ಡರ್ ತೆರೆದ. ಖಾಲಿ ಇರಬೇಕಾದ ಕಡೆ ರೆಕಾರ್ಡಿಂಗುಗಳ ಉದ್ದ ಸಾಲು ಬಿಚ್ಚಿಕೊಂಡಿತು. ನನಗೆ ಸಿಕ್ಕಿತು ಅನ್ನುವ ಸಂತೋಷವೂ ಆಯಿತು, ಏನು ಸಿಕ್ಕಿತೋ ಅನ್ನುವ ಭಯವೂ ಆಯಿತು.

"ಎಲ್ಲಾ ಭಾನುವಾರದ್ದು," ಅಂದ ಅವನು. "ಬರೀ ಭಾನುವಾರ ಮಧ್ಯಾಹ್ನದ್ದು."

ಅದೂ ಸರಿಯೇ. ಒಂದು ಮಧ್ಯಾಹ್ನದ ವಿಡಿಯೋಗೆ ಡ್ರೈವ್ ತುಂಬುವುದಿಲ್ಲ. ಯಾರೋ ವಾರ ವಾರವೂ ಬಂದು, ಕ್ಯಾಮೆರಾ ಕುರುಡಾಯಿತು ಅಂದುಕೊಂಡು ಡಿಸ್ಕ್ ಎಳೆದಿದ್ದರು. ಕೆಲಸ ಮುಗಿದ ಮೇಲೆ ಮತ್ತೆ ದೂಡಿದ್ದರು. ಅದರ ದೀಪ ಆರಿದ್ದು ನೋಡಿ ಕ್ಯಾಮೆರಾದ ಕಣ್ಣೂ ಆರಿತು ಅಂದುಕೊಂಡಿದ್ದರು. ಕಣ್ಣು ತೆರೆದೇ ಇತ್ತು.

ಚೀಲದಿಂದ ನನ್ನ ಡಿಸ್ಕ್ ತೆಗೆದು ಸಿಕ್ಕಿಸಿದೆ. "ಮೊದಲು ಎಲ್ಲವನ್ನೂ ಇದಕ್ಕೆ ಕಾಪಿ ಹಾಕು. ಹಾಕ್ತಾ ಹಾಕ್ತಾ ನೋಡೋಣ." ಪಾಸ್‌ವರ್ಡ್ ಅವನಿಗೆ ಮಾತ್ರ ಗೊತ್ತು. ಕೀಬೋರ್ಡು ಅವನ ಮಡಿಲಲ್ಲೇ ಇತ್ತು.

ಹಳೆಯದೊಂದು ಭಾನುವಾರ ತೆರೆದೆವು. ಪಾರ್ಶ್ವವಾಯು ಹೊಡೆದ ಮುದುಕ ಮಂಚದ ಮೇಲೆ. ಬಾಗಿಲಿನಿಂದ ಇವರ ತಾಯಿ ಬಂದರು. ಕ್ಯಾಮೆರಾದ ಕಡೆ ಒಮ್ಮೆ ನೋಡಿದರು, ಅದು ಸತ್ತಿದೆ ಅನ್ನುವ ನಂಬಿಕೆಯಲ್ಲಿ. ಮಂಚದ ಪಕ್ಕದ ಕಂಬಿ ಇಳಿಸಿದರು. ಗಂಡನನ್ನು ಗೋಡೆಯ ಕಡೆ ಸ್ವಲ್ಪ ಸರಿಸಿ, ಆ ಇಷ್ಟಗಲ ಜಾಗದಲ್ಲಿ ಪಕ್ಕಕ್ಕೆ ಮಲಗಿದರು. ಗಂಡನ ಸ್ವಾಧೀನವಿದ್ದ ಕೈಯನ್ನು ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಅಷ್ಟೇ. ಆಮೇಲೆ ಇಬ್ಬರೂ ಅಲ್ಲಾಡಲಿಲ್ಲ.

ಮಕ್ಕಳು ಫೋನಿನಲ್ಲಿ ನೋಡುತ್ತಾರೆ ಅನ್ನುವ ನಾಚಿಕೆ. ವಾರಕ್ಕೊಮ್ಮೆ ಗಂಡನ ಪಕ್ಕ ಮಲಗಲು ಆಕೆ ಕಳ್ಳತನ ಮಾಡಬೇಕಾಗಿತ್ತು. ಕಿರಿಯವನು ಮುಖ ಆಚೆ ತಿರುಗಿಸಿದ. "ನಿಲ್ಲಿಸಿ," ಅಂದ ದೊಡ್ಡವನು. ಮೊದಲ ಸಲ ಅವನ ದನಿಯಲ್ಲಿ ಅಂಗಡಿಯ ಗಡಸು ಇರಲಿಲ್ಲ.

"ಕೊನೇದು ಹಾಕು," ಅಂದೆ.

ಹೋದ ಭಾನುವಾರ. ನರ್ಸ್ ಹುಡುಗಿ ಹೊದಿಕೆ ಸರಿಮಾಡಿ ಚೀಲ ಹೆಗಲಿಗೆ ಹಾಕಿಕೊಳ್ಳುತ್ತಿದ್ದಾಳೆ. "ಅಮ್ಮಾ, ಇಂಜೆಕ್ಷನ್ ಆಯ್ತು. ಊಟ ಮಾಡಿಸಿಬಿಡಿ, ಮರೀಬೇಡಿ," ಅಂತ ಹೊರಗಿನ ಕಡೆ ಕೂಗಿ ಹೋದಳು. ಮುದುಕ ಎಚ್ಚರವಾಗಿದ್ದಾರೆ, ಅವಳಿಗೆ ಕೈ ಎತ್ತಿ ಬೀಸಿದರು. ತಾಯಿ ತಟ್ಟೆ ಹಿಡಿದು ಬಂದು ಚಮಚದಲ್ಲಿ ತಿನ್ನಿಸಲು ಶುರು ಮಾಡಿದರು. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ಫೋನ್ ಬಂತು.

"ಹೇಳು ಮಗಾ," ಅಂದರು ತಾಯಿ.

ನಾನು ಸ್ಪೀಕರಿಗೆ ಕಿವಿ ಕೊಟ್ಟೆ.

"ಆಯ್ತು ಅಂದ್ಲಲ್ಲೋ ಅವಳು... ಏನು? ಅವಳು ಚುಚ್ಚೋದು ಬರೀ ನೀರಾ? ಅಯ್ಯೋ, ಎಷ್ಟು ದಿನದಿಂದ?... ಸ್ಟೀಲ್ ಡಬ್ಬೀಲಿ ತುಂಬಿಟ್ಟಿರೋ ಸಿರಿಂಜಾ? ಪೂರ್ತಿ?... ಸರಿ ಕಣೋ. ನೀನು ಹೇಳಿದ ಮೇಲೆ ಮತ್ತೇನು. ನಾನೇ ಕೊಡ್ತೀನಿ."

ತಟ್ಟೆ ಕೆಳಗಿಟ್ಟು ಅವರು ಬೀರುವಿನ ಕಡೆ ಕೈ ಚಾಚಿದರು. ಚಿತ್ರ ನಿಂತಿತು. ಡ್ರೈವ್ ತುಂಬಿದ್ದು ಆ ಕ್ಷಣಕ್ಕೆ.

ನರ್ಸ್ ತಪ್ಪು ಮಾಡಿರಲಿಲ್ಲ. ಅವಳು ಹೊರಟಾಗ ಮುದುಕ ಗಟ್ಟಿಯಾಗಿದ್ದರು. ಆದರೆ ಗೆದ್ದೆ ಅನ್ನಿಸಲಿಲ್ಲ ನನಗೆ. ಹಿಂದೆ ಉಸಿರಿನ ಸದ್ದಾಯಿತು. ತಿರುಗಿದೆ. ತಾಯಿ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಸಿಕ್ತಾ?" ಅಂದರು.

"ನಿಮಗೆ ಗೊತ್ತಿತ್ತಾ ಅಮ್ಮ?"

"ಕೊಟ್ಟವಳು ನಾನು. ಅವರ ಮೈ ಬೆವರಿ ತಣ್ಣಗಾಗಿದ್ದು ನನ್ನ ಕೈಯಲ್ಲೇ. ಗೊತ್ತಾಗದೇ ಇರುತ್ತಾ?" ಅವರು ಚೌಕಟ್ಟು ಹಿಡಿದುಕೊಂಡರು. "ಆ ಹುಡುಗೀನ ಎಳ್ಕೊಂಡು ಹೋಗುವಾಗ ಹೇಳ್ಬೇಕು ಅಂತ ಬಾಯಿ ತೆಗೆದೆ. ಮಾತು ಬರ್ಲಿಲ್ಲ. ಹೇಳಿದ್ರೆ, ಫೋನ್ ಮಾಡಿದ್ದು ಯಾರು ಅಂತ ಕೇಳ್ತಾರೆ. ಅದಕ್ಕೇ ಹುಡುಕೋರನ್ನ ಕರೆದೆ. ನೀವಾಗಿ ಹುಡುಕಿದ್ರೆ ನಾನು ಹೇಳಿದ ಹಾಗಾಗಲ್ಲ ಅಂತ."

"ಫೋನ್ ಮಾಡಿದ್ದು ಯಾರಮ್ಮ?"

ಅವರು ದೊಡ್ಡವನನ್ನು ನೋಡಿದರು. ಆಮೇಲೆ ನನ್ನ ಬೆನ್ನ ಹಿಂದೆ ಕೂತಿದ್ದ ಕಿರಿಯವನನ್ನು ನೋಡಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಮುಖದಲ್ಲಿ ಮುದ್ದು ಇತ್ತೋ ಇಲ್ಲವೋ, ಬಿಟ್ಟುಕೊಡಲಾರದ ಹಟ ಮಾತ್ರ ಇತ್ತು.

"ಕೊಟ್ಟಿದ್ದು ನಾನು ಅಂತ ಗೊತ್ತಾಯ್ತಲ್ಲ. ಅವಳನ್ನ ಬಿಡ್ತಾರಲ್ಲ. ಅಷ್ಟು ಸಾಕು."

"ಸಾಕಾಗಲ್ಲ. ನಿಮ್ಮ ಕೈಯಿಂದ ನಿಮ್ಮ ಗಂಡನ್ನ ಕೊಲ್ಲಿಸಿದವನು ಇಲ್ಲೇ ಇದಾನೆ. ಫೋನ್ ಕಂಪನಿಯವರನ್ನ ಕೇಳಿದ್ರೆ ಯಾವ ನಂಬರು ಅಂತ ಅವರೇ ಹೇಳ್ತಾರೆ. ಆದ್ರೆ ಕೇಳೋಕೆ ಪೊಲೀಸರು ಮನಸ್ಸು ಮಾಡ್ಬೇಕು, ಅದಕ್ಕೆ ಈ ವಿಡಿಯೋ ಅವರ ಕೈಗೆ..."

ಮಾತಾಡುತ್ತ ತೆರೆಯ ಕಡೆ ತಿರುಗಿದೆ. ಬಂದಾಗಿನಿಂದ ಅಲುಗದೆ ನಿಂತಿದ್ದ ‘ನೂರು’ ಅಲ್ಲಿರಲಿಲ್ಲ. ಡ್ರೈವಿನ ಮುಕ್ಕಾಲು ಭಾಗ ಖಾಲಿಯಾಗಿತ್ತು.

ಭಾನುವಾರಗಳ ಸಾಲು ಮಾಯವಾಗಿತ್ತು. ನನ್ನ ಡಿಸ್ಕ್ ತೆರೆದು ನೋಡಿದೆ. ಒಂದೇ ಒಂದು ಫೈಲೂ ಬಂದಿರಲಿಲ್ಲ. ಅವನು ಕಾಪಿ ಶುರು ಮಾಡಿಯೇ ಇರಲಿಲ್ಲ.

"ಏನೋ ಮಾಡಿದೆ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಅಮ್ಮ ಜೈಲಿಗೆ ಹೋಗೋದನ್ನ ನಾನು ನೋಡಲಾರೆ ಮೇಡಂ." ಅವನ ಕೆನ್ನೆ ಒದ್ದೆಯಾಗಿತ್ತು. ಕೈ ಮಾತ್ರ ನಡುಗುತ್ತಿರಲಿಲ್ಲ. "ಈ ಜಾತಿ ಡ್ರೈವ್ ಅಳಿಸಿದ್ದನ್ನ ಮತ್ತೆ ಕೊಡಲ್ಲ. ನಿಮಗೂ ಗೊತ್ತು."

ಗೊತ್ತಿತ್ತು. ಅವನು ಅಳಿಸಿದ್ದು ತಾಯಿಯನ್ನು ಉಳಿಸಲೋ, ತನ್ನನ್ನು ಉಳಿಸಿಕೊಳ್ಳಲೋ, ಅದು ಮಾತ್ರ ಗೊತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಠಾಣೆಯ ಹೊರಗೆ ಅಳುತ್ತಿದ್ದ ಕೂಸು ನೆನಪಾಯಿತು.

ದೊಡ್ಡವನು ಜೇಬಿನಿಂದ ಬೀಗದ ಕೈ ತೆಗೆದ. "ಹಾಗಾದ್ರೆ ಏನೂ ಸಿಗ್ಲಿಲ್ಲ ಅಂತಾಯ್ತು. ನಮ್ಮಮ್ಮನಿಗೆ ದುಃಖದಲ್ಲಿ ಏನೇನೋ ಬಾಯಿಗೆ ಬರುತ್ತೆ. ಹೊರಡಿ ಮೇಡಂ, ನಾನೂ ಅಂಗಡಿ ತೆಗೀಬೇಕು."

"ಆ ಹುಡುಗಿ?" ಅಂದರು ತಾಯಿ.

ದೊಡ್ಡವನು ಚಪ್ಪಲಿ ಸ್ಟ್ಯಾಂಡಿನ ಕಡೆ ಬಗ್ಗಿದ.

"ಅವಳಿಗೆ ಕೂಸಿದೆ ಕಣ್ರೋ."

ಕಿರಿಯವನು ತಲೆ ತಗ್ಗಿಸಿದ. ದೊಡ್ಡವನು ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದ. ತಾಯಿ ಇಬ್ಬರನ್ನೂ ಸಾಕಷ್ಟು ಹೊತ್ತು ನೋಡಿದರು. ಅವರ ಮುಖದಲ್ಲಿದ್ದ ಆ ಹಟ ಮೆಲ್ಲಗೆ ಇಳಿದುಹೋಯಿತು. ಆಮೇಲೆ ಕಿರಿಯವನ ಹತ್ತಿರ ಬಗ್ಗಿ, ಏನೋ ಮನೆಗೆಲಸ ಕೇಳುವ ದನಿಯಲ್ಲಿ ಕೇಳಿದರು:

"ಈಗ ಇದರಲ್ಲಿ ಜಾಗ ಆಯ್ತಾ?"

"ಆಯ್ತಮ್ಮ."

"ಕ್ಯಾಮೆರಾ ಓಡ್ತಿದೆಯಾ?"

"ಜಾಗ ಸಿಕ್ಕ ತಕ್ಷಣ ತಾನೇ ಶುರುವಾಗುತ್ತೆ." ಪಾಠದಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಮೇಷ್ಟ್ರ ಅಭ್ಯಾಸ. ಹೇಳಿ ಮುಗಿಸಿದ ಮೇಲೆ ತಲೆ ಎತ್ತಿದ. "ಯಾಕಮ್ಮ?"

ಅವರು ಅಷ್ಟರಲ್ಲಿ ನಡುಮನೆ ದಾಟಿದ್ದರು. ಗಂಡನ ಕೋಣೆಯ ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ನಾನು ಕೀಬೋರ್ಡು ಕಿತ್ತುಕೊಂಡು ಕ್ಯಾಮೆರಾ ತೆರೆದೆ. ತೆರೆಯ ಮೇಲೆ ಆ ಕೋಣೆ ಮೂಡಿತು. ತಾಯಿ ಖಾಲಿ ಮಂಚದ ಅಂಚಿನಲ್ಲಿ ಕೂತು ಕೂದಲು ಸರಿಮಾಡಿಕೊಂಡರು. ಕ್ಯಾಮೆರಾದ ಕಣ್ಣಿಗೆ ಕಣ್ಣು ಕೊಟ್ಟರು. ಮೂಲೆಯಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕೆ ಹೊತ್ತಿಕೊಂಡಿತ್ತು.

"ಆ ಹುಡುಗಿ ಏನೂ ಮಾಡಿಲ್ಲ," ಅಂದರು. "ಅವತ್ತು ನನ್ನ ಗಂಡನಿಗೆ ಎರಡನೇ ಇಂಜೆಕ್ಷನ್ ಕೊಟ್ಟಿದ್ದು ನಾನು."

ದೊಡ್ಡವನು ಗೋಡೆಯಲ್ಲಿದ್ದ ಪೆಟ್ಟಿಗೆಯ ಪ್ಲಗ್ಗಿಗೆ ಕೈ ಹಾಕಿದ. ನಾನು ಅಡ್ಡ ಬಿದ್ದು ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡೆ. ಅವನು ನನ್ನ ಭುಜ ಹಿಡಿದು ಎಳೆದ. ಕಿರಿಯವನು ಎದ್ದು ನಿಂತ. ಅಣ್ಣನನ್ನು ಹಿಡಿಯಲೋ ನನ್ನನ್ನು ಹಿಡಿಯಲೋ, ಅವನಿಗೇ ತೀರ್ಮಾನವಾದಂತೆ ಕಾಣಲಿಲ್ಲ.

"ಕೊಡು ಅಂತ ಫೋನಲ್ಲಿ ಹೇಳಿದವನು ನಾನು ಹೆತ್ತವನೇ," ಅಂದರು ತಾಯಿ. "ಅವನ ಹೆಸರು ಹೇಳಿಬಿಟ್ಟು ನಾನು ಬದುಕಿರೋಕಾಗಲ್ಲ. ಹೇಳದೇ ಇರೋಕೂ ಆಗಲ್ಲ."

ಅವರು ಮಡಿಲಿನಿಂದ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಅದರಲ್ಲಿ ಇನ್ನೊಂದು ಸಿರಿಂಜ್ ಇತ್ತು, ತುಂಬಿದ್ದು. ನಾನು ಪ್ಲಗ್ ಬಿಟ್ಟು ಓಡಿದರೆ ಅವರು ಹೇಳುವ ಹೆಸರು ಉಳಿಯುವುದಿಲ್ಲ. ಬಿಡದಿದ್ದರೆ ಅವರು ಉಳಿಯುವುದಿಲ್ಲ.